ಟ್ರ್ಯಾಕಿಗೂ ಬೇಕು, ತೋಟದ ರಸ್ತೆಗೂ ಬೇಕು: ಕಾರಿನ ಬುಷ್ ನಾನು ಆರಿಸಿದ್ದು ಹೀಗೆ

ನನ್ನ ಕಾರಿನ ಬುಷ್‌ಗಳನ್ನು ನಾನು ಒಂದೊಂದಾಗಿ ಆರಿಸಿದೆ. ಬುಷ್ ಅಂದರೆ ಚಕ್ರ ಹಿಡಿದಿರುವ ಭಾಗಗಳು ಕಾರಿಗೆ ಸೇರುವ ಕೀಲುಗಳಲ್ಲಿ ಕೂರುವ ಮೆತ್ತೆ. ಪೂರ್ತಿ ಪಿಯು (ಪಾಲಿಯುರೆಥೇನ್, ರಬ್ಬರಿನ ಬದಲು ಹಾಕುವ ಗಟ್ಟಿ ವಸ್ತು) ಕಿಟ್ ತಂದು ಎಲ್ಲ ಕಡೆ ಹಾಕಿಸಲಿಲ್ಲ. ವಾರವಿಡೀ ಗೋಣಿಕೊಪ್ಪ, ಪೊನ್ನಂಪೇಟೆ, ವಿರಾಜಪೇಟೆ ಓಡಾಟ. ತೋಟದ ಒಳಗೆ ಕೆಮ್ಮಣ್ಣಿನ ದಾರಿ. ಆಗಾಗ ಕೊಯಮತ್ತೂರಿನ ರೇಸ್ ಟ್ರ್ಯಾಕ್, ಕರಿ ಮೋಟಾರ್ ಸ್ಪೀಡ್‌ವೇ. ಅಲ್ಲಿಗೆ ಲಾರಿಯಲ್ಲಿ ಕಾರು ಸಾಗಿಸುವುದಿಲ್ಲ. ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವು ಇಳಿದು ಅದೇ ಕಾರಿನಲ್ಲಿ ಹೋಗಬೇಕು, ಮರುದಿನ ಅದರಲ್ಲೇ ಮನೆಗೆ ಬರಬೇಕು. ಹಾಗಾಗಿ ಪ್ರತಿ ಬುಷ್ ಹತ್ತಿರವೂ ಒಂದೇ ಪ್ರಶ್ನೆ ಕೇಳಿಕೊಂಡೆ: ಇದು ಯಾವ ದಿಕ್ಕಿಗೆ ಆಡಬೇಕು, ಯಾವ ದಿಕ್ಕಿಗೆ ಆಡಬಾರದು?

ಕಾರು ಸಾಮಾನ್ಯ ಹ್ಯಾಚ್‌ಬ್ಯಾಕ್. ಮುಂದೆ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೇರಿದ ಕಂಬ) ಮತ್ತು ಚಕ್ರವನ್ನು ಕೆಳಗಿನಿಂದ ಹಿಡಿಯುವ ಎಲ್ ಆಕಾರದ ಲೋವರ್ ಆರ್ಮ್, ಹಿಂದೆ ಎರಡೂ ಚಕ್ರ ಜೋಡಿಸುವ ತೊಲೆ, ಅಂದರೆ ಟಾರ್ಷನ್ ಬೀಮ್. ಟ್ರ್ಯಾಕಿನಲ್ಲಿ ಜೋರಾಗಿ ಬ್ರೇಕ್ ಹಿಡಿದಾಗ ಸ್ಟೇರಿಂಗ್ ಸ್ವಲ್ಪ ತೇಲಿದ ಹಾಗೆ ಆಗುತ್ತಿತ್ತು. ಕಾರಣ ಲೋವರ್ ಆರ್ಮಿನ ಬುಷ್. ಬ್ರೇಕ್ ಬಿದ್ದಾಗ ಚಕ್ರ ಹಿಂದಕ್ಕೆ ತಳ್ಳಲ್ಪಡುತ್ತದೆ, ರಬ್ಬರ್ ಅದುಮಿಕೊಳ್ಳುತ್ತದೆ, ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗುತ್ತದೆ, ಟೋ (ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಬದಲಾಗುತ್ತದೆ. 14 ಇಂಚಿನ ರಿಮ್ಮಿನಲ್ಲಿ ಟೋ 1 ಮಿಲಿಮೀಟರ್ ಬದಲಾದರೆ ಸುಮಾರು 0.16 ಡಿಗ್ರಿ. ಕೇಳಲು ಚಿಕ್ಕದು. ತಿರುವಿಗೆ ನುಗ್ಗುವಾಗ ಕೈಗೆ ಗೊತ್ತಾಗುತ್ತದೆ.

ರಬ್ಬರ್ ಬುಷ್ ಕೆಲಸ ಮಾಡುವ ರೀತಿ ಗೊತ್ತಿದ್ದರೆ ಆಯ್ಕೆ ಸುಲಭ. ಅದರ ಒಳಗೂ ಹೊರಗೂ ಲೋಹದ ಕೊಳವೆ ಇರುತ್ತದೆ, ರಬ್ಬರ್ ಎರಡಕ್ಕೂ ಅಂಟಿರುತ್ತದೆ. ಆರ್ಮ್ ಆಡಿದಾಗ ಯಾವುದೂ ಜಾರುವುದಿಲ್ಲ, ರಬ್ಬರ್ ತಿರುಚಿಕೊಂಡು ವಾಪಸ್ ಬರುತ್ತದೆ. ಅದಕ್ಕೇ ಗ್ರೀಸ್ ಬೇಡ, ಮಣ್ಣು ಒಳಗೆ ಹೋಗಲು ಜಾಗವೂ ಇಲ್ಲ. ಪಿಯು ಹಾಗಲ್ಲ. ಅದು ಒಳಗಿನ ಕೊಳವೆಯ ಸುತ್ತ ಜಾರಿ ತಿರುಗುತ್ತದೆ. ಒಂದೇ ಅಕ್ಷದಲ್ಲಿ ತಿರುಗುವ ಕಡೆ ತುಂಬಾ ಚೆನ್ನ. ವಾಲಬೇಕಾದ ಕಡೆ ಹಾಕಿದರೆ ಬಿಗಿದುಕೊಳ್ಳುತ್ತದೆ.

ನನ್ನ ಕಾರಿನಲ್ಲಿ ಲೋವರ್ ಆರ್ಮಿನ ಮುಂದಿನ ಬುಷ್ ಅಡ್ಡಕ್ಕೆ ಕೂತಿದೆ, ಬಾಗಿಲಿನ ಕೀಲಿನ ಹಾಗೆ ತಿರುಗುತ್ತದೆ. ಅಲ್ಲಿಗೆ 80 ಶೋರ್ ಎ ಗಡಸುತನದ ಪಿಯು ಹಾಕಿಸಿದೆ. ಇನ್ನೂ ಗಟ್ಟಿಯಾದ 95ರದ್ದೂ ಸಿಗುತ್ತದೆ. ಟ್ರ್ಯಾಕಿಗೆ ಮಾತ್ರ ಇಟ್ಟ ಕಾರಾದರೆ ಸರಿ, ನಮ್ಮ ರಸ್ತೆಯ ಗುಂಡಿಗಳಿಗೆ ಅಲ್ಲ. ಅದೇ ಆರ್ಮಿನ ಹಿಂದಿನ ದೊಡ್ಡ ಬುಷ್ ಮೇಲಿಂದ ಕೆಳಕ್ಕೆ ನಿಂತಿದೆ. ಆರ್ಮ್ ಮೇಲೆ ಕೆಳಗೆ ಹೋದಾಗ ಅದು ಬರೀ ತಿರುಗುವುದಿಲ್ಲ, ವಾಲುತ್ತದೆ. ಕಂಪನಿಯ ಬುಷ್‌ನಲ್ಲಿ ರಬ್ಬರಿನ ನಡುವೆ ಖಾಲಿ ಜಾಗ ಬಿಟ್ಟಿರುತ್ತಾರೆ, ಗುಂಡಿಯ ಹೊಡೆತ ಒಳಗೆ ಬರದಿರಲಿ ಅಂತ. ಬ್ರೇಕಿನಲ್ಲಿ ಚಕ್ರ ಹಿಂದಕ್ಕೆ ಹೋಗಲು ದಾರಿ ಸಿಗುವುದೂ ಆ ಜಾಗದಿಂದಲೇ. ಇಲ್ಲಿ ಖಾಲಿ ಜಾಗ ಇಲ್ಲದ, ಪೂರ್ತಿ ತುಂಬಿದ ರಬ್ಬರ್ ಬುಷ್ ತೆಗೆದುಕೊಂಡೆ. ವಾಲಲು ಬಿಡುತ್ತದೆ, ಹಿಂದೆ ಮುಂದೆ ಜಾಸ್ತಿ ಹೋಗಲು ಬಿಡುವುದಿಲ್ಲ. ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಸಮಾಧಾನ ಕೊಟ್ಟ ಆಯ್ಕೆ ಇದೇ.

ಆ್ಯಂಟಿ ರೋಲ್ ಬಾರ್ (ತಿರುವಿನಲ್ಲಿ ಕಾರು ವಾಲುವುದನ್ನು ಕಡಿಮೆ ಮಾಡುವ ಸರಳು) ಹಿಡಿದಿರುವ ಡಿ ಆಕಾರದ ಬುಷ್‌ಗೆ ಪಿಯು, ಯೋಚನೆಯೇ ಬೇಡ. ದುಡ್ಡು ಕಡಿಮೆ, ವ್ಯತ್ಯಾಸ ಮೊದಲ ತಿರುವಿನಲ್ಲೇ ಸಿಗುತ್ತದೆ.

ಹಿಂದಿನ ಬೀಮ್‌ಗೆ ಹೊಸ ಕಂಪನಿ ರಬ್ಬರ್ ಮಾತ್ರ. ಒಂದು ಚಕ್ರ ಏರಿ ಇನ್ನೊಂದು ಇಳಿದಾಗ ಬೀಮ್ ತಿರುಚುತ್ತದೆ, ಬುಷ್ ಹಲವು ದಿಕ್ಕಿಗೆ ಆಡಬೇಕು. ರೋಸ್ ಜಾಯಿಂಟ್ ಎಲ್ಲೂ ಬೇಡ ಅಂದೆ. ಲೋಹಕ್ಕೆ ಲೋಹ ತಾಗುವ ಆ ಜೋಡಣೆಗೆ ನಮ್ಮ ಜೂನ್ ಜುಲೈ ತಿಂಗಳ ಕೆಸರು ಸಿಕ್ಕರೆ ಬೇಗ ಸವೆದು ಕಟಕಟ ಶುರುವಾಗುತ್ತದೆ.

ಹಾಕುವಾಗ ಒಂದು ವಿಷಯ ಬಹಳ ಮುಖ್ಯ. ನಮ್ಮ ಮೆಕ್ಯಾನಿಕ್ ಹಳಬರು, ಅವರೇ ಮೊದಲು ಹೇಳಿದರು: "ಬೋಲ್ಟ್ ಈಗ ಕೈಯಲ್ಲಿ ಮಾತ್ರ ತಿರುಗಿಸಿಡುವ. ಕಾರು ನೆಲಕ್ಕೆ ಇಳಿದ ಮೇಲೆ ಟೈಟ್ ಮಾಡುವ." ನೂರಕ್ಕೆ ನೂರು ಸರಿ. ಚಕ್ರ ನೇತಾಡುವಾಗ ಬಿಗಿ ಮಾಡಿದರೆ, ಕಾರು ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡೇ ಕೂರುತ್ತದೆ. ಬೇಗ ಹರಿಯುತ್ತದೆ. ಹೊಸ ಬುಷ್ ಇಷ್ಟು ಬೇಗ ಹೋಯಿತು ಅಂತ ಬೈಯುವವರು ಇದನ್ನೊಮ್ಮೆ ವಿಚಾರಿಸಬೇಕು, ಅಲ್ವಾ? ಪಿಯುಗೆ ಸಿಲಿಕೋನ್ ಗ್ರೀಸ್ ಹಾಕಿದೆವು. ಕೆಲಸ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿದೆ.

ಈಗ ಬ್ರೇಕ್ ಹಿಡಿದರೆ ಮೂತಿ ನೇರ ನಿಲ್ಲುತ್ತದೆ. ಮಾಕುಟ್ಟ ಘಾಟಿ ಇಳಿಯುವಾಗಲೂ ಅದೇ ನಂಬಿಕೆ. ಸಣ್ಣ ಕಲ್ಲಿನ ಸದ್ದು ಒಳಗೆ ಸ್ವಲ್ಪ ಜಾಸ್ತಿ ಬರುತ್ತದೆ, ಮನೆಯವರು ದೂರು ಹೇಳುವಷ್ಟಲ್ಲ. ಆದರೆ ಪಿಯುಗೆ ಮಳೆಗಾಲದಲ್ಲಿ ಆರೈಕೆ ಬೇಕು. ಗ್ರೀಸಿಗೆ ಕೆಮ್ಮಣ್ಣು ಸೇರಿದರೆ ಅದು ಒಳಗಿನ ಕೊಳವೆಯನ್ನು ಉಜ್ಜಿ ಸವೆಸುತ್ತದೆ, ಕೀರ್ ಕೀರ್ ಸದ್ದು ಬರುತ್ತದೆ. ಮಳೆ ಮುಗಿದ ಮೇಲೆ ಬಿಚ್ಚಿ, ಒರೆಸಿ, ಹೊಸ ಗ್ರೀಸ್ ಹಾಕುತ್ತೇನೆ. ಅದೇ ಸಮಯಕ್ಕೆ ರಬ್ಬರ್ ಬುಷ್‌ಗಳಿಗೂ ಲಿವರ್ ಕೊಟ್ಟು ಮೀಟಿ, ಬಿರುಕು ಇದೆಯಾ ನೋಡುತ್ತೇನೆ.

ವರ್ಷಕ್ಕೊಮ್ಮೆ ಮಾತ್ರ ಟ್ರ್ಯಾಕಿಗೆ ಹೋಗುವವರು ಪಿಯು ತಂಟೆಗೇ ಹೋಗಬೇಡಿ. ಓಡಿ ಹಳೆಯದಾದ ಕಾರಿಗೆ ಎಲ್ಲ ಕಡೆ ಹೊಸ ಕಂಪನಿ ರಬ್ಬರ್ ಹಾಕಿಸಿ, ನೆಲದ ಮೇಲೆ ನಿಲ್ಲಿಸಿ ಬೋಲ್ಟ್ ಬಿಗಿ ಮಾಡಿಸಿ. ನಿಮಗೆ ಬೇಕಾದ ಸ್ಟೇರಿಂಗ್ ಬಹುಪಾಲು ಅಷ್ಟರಲ್ಲೇ ವಾಪಸ್ ಬರುತ್ತದೆ.