ಗೀಸರ್ ಟ್ಯಾಂಕ್ ತೂತಾಗುವ ಮೊದಲು ಈ ರಾಡ್ ನೋಡಿ

ಮೈಸೂರಿನ ಹೊರಗಿನ ಬಡಾವಣೆಗಳಲ್ಲಿ ಬೋರ್ ನೀರನ್ನೇ ನಂಬಿದವರು ಇದನ್ನು ಸ್ವಲ್ಪ ಗಮನವಿಟ್ಟು ಓದಿ. ಬೋರ್ ನೀರಿನಲ್ಲಿ ಲವಣ ಜಾಸ್ತಿ ಇದ್ದರೆ ಟ್ಯಾಂಕಿಗೆ ತುಕ್ಕು ಬೇಗ ಹಿಡಿಯುತ್ತದೆ. ನೀರು ಕಾಯಿಸುವ ಎಲಿಮೆಂಟ್ ಸುಟ್ಟರೆ ಹೊಸದು ಹಾಕಿಸಬಹುದು, ಟ್ಯಾಂಕ್ ತೂತಾದರೆ ಗೀಸರ್ ಗುಜರಿಗೇ.

ಒಳಗೆ ಗಾಜಿನ ಲೇಪ ಇರುವ ಉಕ್ಕಿನ ಟ್ಯಾಂಕಿನಲ್ಲಿ ಸಾಮಾನ್ಯವಾಗಿ ಮೆಗ್ನೀಸಿಯಂನ ಆನೋಡ್ ರಾಡ್ ಇರುತ್ತದೆ. ಲೇಪ ಬಿರುಕು ಬಿಟ್ಟ ಕಡೆ ಉಕ್ಕು ಸವೆಯುವ ಬದಲು ಈ ರಾಡ್ ಸವೆಯುತ್ತದೆ. ಹಡಗಿನ ತಳದ ತಾಮ್ರ ಉಳಿಸಲು ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿ 1824ರಲ್ಲಿ ಸತು, ಕಬ್ಬಿಣದ ತುಂಡು ಜೋಡಿಸಿದ್ದೂ ಇದೇ ಲೆಕ್ಕದಲ್ಲಿ. ಸಮುದ್ರದ ದೋಣಿಗಳಿಗೆ ಈಗಲೂ ಸತು ಹಾಕುತ್ತಾರೆ, ಸಿಹಿನೀರಿಗೆ ಮೆಗ್ನೀಸಿಯಂ.

ವಾರಂಟಿ ಇನ್ನೂ ಇದ್ದರೆ ಕಂಪನಿಯವರನ್ನೇ ಕರೆಸಿ. ಮುಗಿದಿದ್ದರೆ ಮೊದಲು ಗೀಸರ್‌ನ ಎಂಸಿಬಿ (ಕರೆಂಟ್ ಬೋರ್ಡಿನ ಬ್ರೇಕರ್ ಸ್ವಿಚ್) ಇಳಿಸಿ, ಗೋಡೆಯ ಸ್ವಿಚ್ ಒಂದನ್ನೇ ನಂಬಬೇಡಿ. ನೀರು ಆರಲಿ. ಒಳಬರುವ ವಾಲ್ವ್ ಮುಚ್ಚಿ, ಬಿಸಿನೀರಿನ ನಲ್ಲಿ ತೆರೆದಿಟ್ಟು, ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ಗೋಡೆಗೆ ನೇತುಹಾಕುವ ಗೀಸರ್‌ಗಳಲ್ಲಿ ಸಾಮಾನ್ಯವಾಗಿ ಕೆಳಗಿನ ಮುಚ್ಚಳ ಬಿಚ್ಚಿದರೆ ಎಲಿಮೆಂಟ್, ರಾಡ್ ಕೂರಿಸಿದ ಫ್ಲ್ಯಾಂಜ್ (ಬೋಲ್ಟ್ ಹಾಕಿದ ಲೋಹದ ತಟ್ಟೆ) ಕಾಣುತ್ತದೆ. ಟೆಸ್ಟರ್ ಇಟ್ಟು ಕರೆಂಟ್ ಇಲ್ಲ ಅಂತ ಖಚಿತ ಮಾಡಿಕೊಳ್ಳಿ, ವೈರ್‌ಗಳ ಫೋಟೊ ತೆಗೆದುಕೊಳ್ಳಿ, ಆಮೇಲೆ ಬೋಲ್ಟ್ ಬಿಚ್ಚಿ. ವೈರಿಂಗ್ ಅಭ್ಯಾಸ ಇಲ್ಲದಿದ್ದರೆ ಇಲ್ಲಿಗೆ ನಿಲ್ಲಿಸಿ, ಎಲೆಕ್ಟ್ರಿಷಿಯನ್ ಬರಲಿ.

ರಾಡ್ ಗುಂಡಿಗುಂಡಿಯಾಗಿ ಸವೆದು, ಒಳಗಿನ ಕಂಬಿ ಇಣುಕುತ್ತಿದ್ದರೆ ಬೇಜಾರು ಬೇಡ, ಅದು ತನ್ನ ಕೆಲಸ ಮಾಡಿದೆ, ಹೊಸದು ಹಾಕಿ. ವರ್ಷಗಟ್ಟಲೆ ಆದರೂ ಹೊಸದರಂತೆ ಹೊಳೆಯುತ್ತಿದ್ದರೆ ಅನುಮಾನ ಪಡಬೇಕು ಅಲ್ವಾ? ಟ್ಯಾಂಕಿನ ಲೋಹಕ್ಕೂ ಅದಕ್ಕೂ ಸಂಪರ್ಕ ತಪ್ಪಿರಬಹುದು. ದಪ್ಪಗೆ ಬಿಳಿ ಸುಣ್ಣ ಕಟ್ಟಿದ್ದರೂ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಲೋಹದ ಸಂಪರ್ಕ ತಪ್ಪಬಾರದು ಅಂತಲೇ ಹೊಸ ರಾಡಿನ ತಿರುಪಿನ ಥ್ರೆಡ್‌ಗೆ ಸುಮ್ನೆ ಟೆಫ್ಲಾನ್ ಟೇಪ್ ಸುತ್ತಬೇಡಿ. ಸೋರುವುದನ್ನು ತಡೆಯಲು ಫ್ಲ್ಯಾಂಜ್ ಅಡಿಯಲ್ಲಿ ಗ್ಯಾಸ್ಕೆಟ್ (ಸೀಲ್ ಮಾಡುವ ಬಿಲ್ಲೆ) ಇದೆ, ಅದನ್ನೂ ಹೊಸದೇ ಹಾಕಿ.

ನೀರಿಗೆ ಕೊಳೆತ ಮೊಟ್ಟೆಯ ವಾಸನೆ ಇದ್ದರೆ ಮೆಗ್ನೀಸಿಯಂ ಬದಲು ಸತು ಬೆರೆತ ಅಲ್ಯೂಮಿನಿಯಂ ರಾಡ್ ಸಿಗುತ್ತದೆಯೇ ಕೇಳಿ ನೋಡಿ.

ಬೋಲ್ಟ್‌ಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಬಿಸಿನೀರಿನ ನಲ್ಲಿ ತೆರೆದೇ ಇಟ್ಟು ನೀರು ತುಂಬಿಸಿ, ಗಾಳಿ ಹೋಗಿ ಧಾರೆ ಒಂದೇ ಸಮ ಬಂದ ಮೇಲೆ ಫ್ಲ್ಯಾಂಜ್ ಸುತ್ತ ಒಣಬಟ್ಟೆ ಆಡಿಸಿ. ತೇವ ಇಲ್ಲದಿದ್ದರೆ ಫೋಟೊ ನೋಡಿ ವೈರ್ ಜೋಡಿಸಿ, ಮುಚ್ಚಳ ಹಾಕಿ, ಎಂಸಿಬಿ ಏರಿಸಿ. ಖಾಲಿ ಟ್ಯಾಂಕಿಗೆ ಕರೆಂಟ್ ಕೊಟ್ಟರೆ ಎಲಿಮೆಂಟ್ ಸುಟ್ಟುಹೋಗುತ್ತದೆ.