‘ಸ್ಟಿಲ್‌ಬಾರ್ನ್’ ಪದವನ್ನು ಕನ್ನಡಕ್ಕೆ ತರುವುದು ಹೇಗೆ

ಇಂಗ್ಲಿಷ್‌ನಿಂದ ಕನ್ನಡಕ್ಕೆ ಸುದ್ದಿ, ವರದಿ ಇಳಿಸುವವರಿಗೆ ‘ಸ್ಟಿಲ್‌ಬಾರ್ನ್’ ಒಂದಲ್ಲ ಒಂದು ದಿನ ಎದುರಾಗುತ್ತದೆ. ಸುಲಭದ ಪದ ಅನ್ನಿಸುತ್ತೆ. ನಾನೂ ಹಾಗೇ ಅಂದುಕೊಂಡು ಕೆಟ್ಟೆ.

ಮೊದಲು ನೋಡಬೇಕಾದ್ದು, ಮಾತು ಮಗುವಿನದ್ದಾ, ಯೋಜನೆಯದ್ದಾ ಅಂತ. ಮಗುವಿನದ್ದಾದರೆ ಅರ್ಥ ಒಂದೇ. ಹೊಟ್ಟೆಯಲ್ಲೋ ಹೆರಿಗೆ ಹೊತ್ತಲ್ಲೋ ಜೀವ ಹೋಗಿ, ಮಗು ಉಸಿರಿಲ್ಲದೆ ಹೊರಗೆ ಬರುವುದು. ನಮ್ಮ ನೋಂದಣಿ ಲೆಕ್ಕಕ್ಕೆ 28 ವಾರ ತುಂಬಿರಬೇಕು. ಅಮೆರಿಕದಲ್ಲಿ 20, ಬ್ರಿಟನ್‌ನಲ್ಲಿ 24. ಹಾಗಾಗಿ ಹೊರದೇಶದ ಅಂಕಿಅಂಶ ಅನುವಾದ ಮಾಡುವಾಗ ಎಷ್ಟು ವಾರದ ಲೆಕ್ಕ ಅಂತ ಒಂದು ಸಾಲು ಸೇರಿಸಿ. ಹುಟ್ಟಿ ಒಂದೇ ಒಂದು ಸಲ ಅತ್ತು ಹೋದ ಮಗುವಿಗೆ ಈ ಪದ ಹಾಕಬೇಡಿ. ಅದು ಜನನವೂ ಹೌದು, ಮರಣವೂ ಹೌದು, ಎರಡನ್ನೂ ಬರೆಸಬೇಕು.

ಸರ್ಕಾರಿ ಕಾಗದವಾದರೆ ‘ನಿರ್ಜೀವ ಜನನ’ ಅಂತಲೇ ಬರೆಯಿರಿ. 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ ಇದಕ್ಕೂ ಜಾಗ ಇದೆ. ಆದರೆ ಒಬ್ಬ ತಾಯಿಯ ಕತೆ ಬರೆಯುವಾಗ ಈ ಪದ ಕಲ್ಲಿನ ಹಾಗೆ ಕೂರುತ್ತೆ. ಮೈಸೂರು, ಮಂಡ್ಯ ಕಡೆ ಯಾರೂ ಹಾಗೆ ಮಾತಾಡಲ್ಲ. ‘ಮಗು ಹೊಟ್ಟೇಲೇ ಹೋಗ್ಬಿಡ್ತು’ ಅಂತಾರೆ, ಇಲ್ಲಾ ‘ದಕ್ಕಲಿಲ್ಲ’ ಅಂತಾರೆ. ದಕ್ಕಲಿಲ್ಲ ಅನ್ನೋದು ತಿಂಗಳು ಬದುಕಿ ಹೋದ ಮಗುವಿಗೂ ಆಗುತ್ತೆ, ಅದು ನೆನಪಿರಲಿ. ‘ಕಂದು ಹಾಕು’ ಅಂತ ಇನ್ನೊಂದಿದೆ. ಅದು ದನಕ್ಕೆ ಹೇಳುವ ಮಾತು, ಅದೂ ದಿನ ತುಂಬುವ ಮೊದಲೇ ಕರು ಹೋದರೆ. ಹೆಂಗಸಿಗೆ ಅಂದರೆ ಬೈಗುಳವೇ.

ಇನ್ನು ಯೋಜನೆಯ ಮಾತು. ಇಂಗ್ಲಿಷ್‌ನವರು ಶುರುವಿನಿಂದಲೇ ಜೀವ ಇಲ್ಲದ ಕೆಲಸಕ್ಕೂ ಈ ಪದ ಹಾಕುತ್ತಾರೆ. ಅಲ್ಲಿ ಇದು ಹಳೇ ರೂಢಿ. ಡೇವಿಡ್ ಹ್ಯೂಮ್ ಅನ್ನೋ ತತ್ವಜ್ಞಾನಿ, 1739ರಲ್ಲಿ ಬಂದ ತನ್ನ ಮೊದಲ ಪುಸ್ತಕ ಅಚ್ಚಿನಮನೆಯಿಂದ ಸತ್ತೇ ಹುಟ್ಟಿತು ಅನ್ನೋ ಅರ್ಥದಲ್ಲಿ ಬರೆದುಕೊಂಡಿದ್ದ.

ನಾನು ಮಾಡಿದ ಎಡವಟ್ಟು ಇಲ್ಲೇ. ಒಂದು ನೀರಾವರಿ ವರದಿಯಲ್ಲಿ ‘ಸತ್ತು ಹುಟ್ಟಿದ ಯೋಜನೆ’ ಅಂತ ಬರೆದು, ಸರಸ್ವತಿಪುರಂನ ಡಿಟಿಪಿ ಅಂಗಡಿಗೆ ಒಯ್ದೆ. ಟೈಪ್ ಮಾಡುತ್ತಿದ್ದ ಹೆಂಗಸು ಆ ಸಾಲಿಗೆ ಬಂದು ಕೈ ನಿಲ್ಲಿಸಿದರು. ಬೆರಳು ಕೀಲಿಮಣೆ ಮೇಲೇ ಇತ್ತು. ಆಮೇಲೆ ಕೇಳಿದರು, ‘ಸಾರ್, ಇದು ಹಿಂಗೇ ಇರ್ಬೇಕಾ?’ ನಾನು ಯಾಕೆ ಅಂತ ಕೇಳಲಿಲ್ಲ, ಅವರೂ ಹೇಳಲಿಲ್ಲ. ‘ನಮ್ಮೂರಲ್ಲಿ ಕಬ್ಬು ನೆಟ್ಟು ಮೊಳಕೆ ಬರದೇ ಇದ್ರೆ ಕಣ್ಣೇ ಒಡೀಲಿಲ್ಲ ಅಂತೀವಿ’ ಅಂದರು. ಊರು ಪಾಂಡವಪುರದ ಹತ್ತಿರ.

ಅವತ್ತಿಂದ ನಾನು ಮಾಡೋದು ಇಷ್ಟು: ಯೋಜನೆ ಯಾವ ಹಂತದಲ್ಲಿ ಹೋಯಿತು ಅಂತ ಮೊದಲು ಕೇಳಿಕೊಳ್ಳುತ್ತೇನೆ. ಘೋಷಣೆ ಆಗಿ ಕೆಲಸ ಶುರುವೇ ಆಗದಿದ್ದರೆ ‘ಕಣ್ಣು ಒಡೆಯಲಿಲ್ಲ’, ಪೇಟೆ ಓದುಗರಿಗಾದರೆ ‘ಕಾಗದದಲ್ಲೇ ಉಳಿಯಿತು’. ಯಾರೋ ಬೇಕಂತಲೇ ಮುಗಿಸಿದ್ದರೆ ‘ಮೊಳಕೆಯಲ್ಲೇ ಚಿವುಟಿದರು’. ‘ನೆನೆಗುದಿಗೆ ಬಿತ್ತು’ ಅಂತ ಸುಮ್ನೆ ಹಾಕಬೇಡಿ, ಅದರಲ್ಲಿ ಕೆಲಸ ಇನ್ನೂ ಬಾಕಿ ಇದೆ ಅಂತ ಅರ್ಥ. ‘ಹಳ್ಳ ಹಿಡಿಯಿತು’ ಅಂದರೆ ಸ್ವಲ್ಪ ದೂರ ನಡೆದು ಕೆಟ್ಟಿದ್ದು. ಪತ್ರಿಕೆಗಳಲ್ಲಿ ‘ಗರ್ಭಪಾತವಾದ ಮಸೂದೆ’ ಥರದ್ದು ಆಗಾಗ ಕಾಣುತ್ತೆ. ಜೋರಾಗಿ ಕೇಳುತ್ತೆ ನಿಜ, ನನಗಂತೂ ಹಿಡಿಸಲ್ಲ.

ಮೂಲ ಲೇಖಕರು ಮಗುವಿನ ನೋವನ್ನೇ ಬೇಕಂತ ತಂದಿದ್ದರೆ, ಕವಿತೆಯಲ್ಲಿ ಹಾಗಾಗುತ್ತೆ ಅಲ್ವಾ, ಆಗ ಕಬ್ಬು, ಮೊಳಕೆ ಎಲ್ಲ ಪಕ್ಕಕ್ಕಿಡಿ. ‘ಸತ್ತು ಹುಟ್ಟಿದ’ ಅಂತಲೇ ಬರೆಯಿರಿ.