ಮ್ಯಾಮೋಗ್ರಾಮ್ ರಿಪೋರ್ಟಿನಲ್ಲಿ ಸೊನ್ನೆ ಬಂದರೆ

ರಾತ್ರಿ ಪಾತ್ರೆ ತೊಳೆಯುತ್ತಿರುವಾಗ ಫೋನ್ ಟಿಂಗ್ ಅನ್ನುತ್ತದೆ. ಪೇಷೆಂಟ್ ಪೋರ್ಟಲ್‌ನಲ್ಲಿ ಮ್ಯಾಮೋಗ್ರಾಮ್ (ಸ್ತನದ ಎಕ್ಸ್-ರೇ) ರಿಪೋರ್ಟ್ ಬಂದಿದೆ. ಅಮೆರಿಕದಲ್ಲಿ ಸಾಮಾನ್ಯವಾಗಿ ರಿಪೋರ್ಟ್ ತಯಾರಾದ ಕೂಡಲೇ ನಿಮಗೂ ಕಾಣುತ್ತದೆ. ಎಷ್ಟೋ ಸಲ ಡಾಕ್ಟರಿಗಿಂತ ಮೊದಲು ನೀವೇ ಓದಿರುತ್ತೀರಿ.

ಉದ್ದದ ವಿವರಣೆ ಸದ್ಯಕ್ಕೆ ಬಿಡಿ. 'ಇಂಪ್ರೆಶನ್' ಅಂತಿರುವಲ್ಲಿಗೆ ಹೋಗಿ, 'ಬೈ-ರ್ಯಾಡ್ಸ್' ಪಕ್ಕದ ಅಂಕಿ ನೋಡಿ. ಕ್ಯಾನ್ಸರ್ ಅನುಮಾನ ಎಷ್ಟಿದೆ ಅಂತ ಹೇಳುವ ಅಂಕಿ ಅದು. 1 ಅಂದರೆ ಏನೂ ಇಲ್ಲ. 2 ಅಂದರೆ ಏನೋ ಕಂಡಿದೆ, ಆದರೆ ಕ್ಯಾನ್ಸರ್ ಅಲ್ಲ.

ಜಾಸ್ತಿ ಗಾಬರಿ ಹುಟ್ಟಿಸುವುದು 0. ನನಗೂ ಮೊದಲ ಸಲ ಬಂದದ್ದು ಅದೇ. ಆ ರಾತ್ರಿ ನಿದ್ದೆ ಬರಲಿಲ್ಲ. ಅದರ ಅರ್ಥ ಇಷ್ಟೇ: ಇನ್ನೂ ಹೇಳಲಾಗದು, ಇನ್ನಷ್ಟು ಚಿತ್ರ ಬೇಕು. ಹೀಗೆ ಮತ್ತೆ ಕರೆಸಿಕೊಂಡವರಲ್ಲಿ ಕ್ಯಾನ್ಸರ್ ಸಿಗುವುದು ಹತ್ತರಲ್ಲಿ ಒಬ್ಬರಿಗೂ ಇಲ್ಲ. ಹೋಲಿಸಿ ನೋಡಲು ಹಳೆಯ ಚಿತ್ರ ಇಲ್ಲದಿದ್ದರೂ 0 ಬರಬಹುದು. ಭಾರತದಲ್ಲಿ ಮುಂಚೆ ಮಾಡಿಸಿದ್ದರೆ ಚಿತ್ರಗಳ ಸಿ.ಡಿ. ತರಿಸಿಕೊಳ್ಳಿ. ಬರೀ ರಿಪೋರ್ಟಿನ ಹಾಳೆ ಸಾಲದು.

3 ಬಂದರೆ ಕ್ಯಾನ್ಸರ್ ಇರುವ ಸಾಧ್ಯತೆ ಶೇ. 2ಕ್ಕಿಂತ ಜಾಸ್ತಿ ಇಲ್ಲ. ಸಾಮಾನ್ಯವಾಗಿ 6 ತಿಂಗಳಿಗೆ ಮತ್ತೆ ನೋಡುತ್ತಾರೆ. 4 ಬಂದರೆ ಬಯಾಪ್ಸಿ, ಅಂದರೆ ಒಂದು ಚೂರು ತೆಗೆದು ಪರೀಕ್ಷೆ. ಆದರೆ 4ರೊಳಗೇ ಎ, ಬಿ, ಸಿ ಇವೆ. 4ಎ ಅಂದರೆ ಶೇ. 2ರಿಂದ 10, 4ಸಿ ಅಂದರೆ ಶೇ. 50ರ ಮೇಲೆ. ಆ ಅಕ್ಷರ ಕೇಳಿ ತಿಳಿದುಕೊಳ್ಳಿ. 5 ಬಂದರೆ ಸಾಧ್ಯತೆ ಶೇ. 95 ಅಥವಾ ಇನ್ನೂ ಜಾಸ್ತಿ, ತಡ ಮಾಡಬೇಡಿ. 4 ಅಥವಾ 5 ಇದ್ದರೆ ಸೆಂಟರ್‌ನವರು 7 ದಿನದೊಳಗೆ ತಿಳಿಸಬೇಕೆಂಬ ನಿಯಮವಿದೆ. ನನ್ನ ಕೇಳಿದರೆ, ಕಾಯದೆ ನೀವೇ ಫೋನ್ ಮಾಡಿ.

ಇನ್ನೊಂದು ಪದ 'ಡೆನ್ಸ್', ಅಂದರೆ ಸ್ತನದಲ್ಲಿ ಗ್ರಂಥಿಗಳ ಭಾಗ ಜಾಸ್ತಿ. 2024ರ ಸೆಪ್ಟೆಂಬರ್‌ನಿಂದ ಡೆನ್ಸ್ ಹೌದೋ ಅಲ್ಲವೋ ಅಂತ ಅಮೆರಿಕದಾದ್ಯಂತ ಪ್ರತಿಯೊಬ್ಬರ ಪತ್ರದಲ್ಲೂ ಹೇಳಲೇಬೇಕು. ಇದು ಗಂಟಲ್ಲ, ಕಾಯಿಲೆಯೂ ಅಲ್ಲ. ಚಿತ್ರದಲ್ಲಿ ಕೊಬ್ಬು ಕಪ್ಪಗೆ ಕಾಣುತ್ತದೆ, ಗ್ರಂಥಿಗಳು ಬೆಳ್ಳಗೆ. ಗಂಟೂ ಬೆಳ್ಳಗೇ ಅಲ್ವಾ? ಹಾಗಾಗಿ ಕಣ್ಣಿಗೆ ಬೀಳದೆ ಹೋಗಬಹುದು. ಅಲ್ಟ್ರಾಸೌಂಡ್ ಅಥವಾ ಎಮ್‌ಆರ್‌ಐ ಬೇಕಾ ಅಂತ ಡಾಕ್ಟರನ್ನು ಕೇಳಿ.

ಕೊನೆಗೆ ಆಸ್ಪತ್ರೆಯ ಬಿಲ್. 40 ದಾಟಿದವರ ಸ್ಕ್ರೀನಿಂಗ್ (ತೊಂದರೆ ಇಲ್ಲದಿದ್ದರೂ ಮಾಡಿಸುವ) ಮ್ಯಾಮೋಗ್ರಾಮ್‌ಗೆ ನೆಟ್‌ವರ್ಕ್ ಒಳಗೆ ಬಹುತೇಕ ಇನ್ಶೂರೆನ್ಸ್‌ಗಳು ಕೋ-ಪೇ (ನಮ್ಮ ಪಾಲಿನ ದುಡ್ಡು) ಕೇಳುವುದಿಲ್ಲ. ಮತ್ತೆ ಕರೆದಾಗ ಮಾತ್ರ ಅದು 'ಡಯಾಗ್ನೊಸ್ಟಿಕ್' (ಅನುಮಾನ ಬಗೆಹರಿಸುವ ಪರೀಕ್ಷೆ) ಆಗಿಬಿಡುತ್ತದೆ, ಅಲ್ಲೇ ದುಡ್ಡು ಬೀಳುತ್ತಿತ್ತು. 2026ರಿಂದ ಶುರುವಾಗುವ ಬಹುತೇಕ ಪ್ಲಾನ್‌ಗಳು ಇದನ್ನೂ ಭರಿಸಬೇಕು. ಆದರೂ ಅಪಾಯಿಂಟ್‌ಮೆಂಟ್‌ಗೆ ಮೊದಲೇ ಇನ್ಶೂರೆನ್ಸ್‌ಗೆ ಫೋನ್ ಮಾಡಿ, ಮಾತಾಡಿದವರ ಹೆಸರು ಬರೆದಿಟ್ಟುಕೊಳ್ಳಿ.